ಹಳೆಯ ಕಾರಿಗೆ ಹೊಸ ಕಾಲು ಕಟ್ಟುವ ಮುನ್ನ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ ಮಾರುವ ಅಂಗಡಿಗಳಿಗೆ ಶಾಕ್ ಅಬ್ಸಾರ್ಬರ್ ಕೇಳಿಕೊಂಡು ಹೋದವರಿಗೆ ಎದುರಾಗುವ ಮೊದಲ ಪ್ರಶ್ನೆ, ‘ಸಾದಾ ಕೊಡಲೋ, ಸ್ಪೋರ್ಟ್ಸ್ ಕೊಡಲೋ?’ ಎಂಬುದು. ಪ್ರಶ್ನೆ ಸರಳವಾಗಿದೆ. ಉತ್ತರವೂ ಅಷ್ಟೇ ಸರಳವಾಗಿ ಬರಬೇಕೆಂದು ಗಲ್ಲಾಪೆಟ್ಟಿಗೆಯ ಆಚೆ ಇರುವವರು ಬಯಸುವುದು ಸಹಜ. ಆದರೆ ಇಪ್ಪತ್ತು ವರ್ಷ ದಾಟಿದ ಕಾರನ್ನು ಇಟ್ಟುಕೊಂಡವರಲ್ಲಿ ಹೆಚ್ಚಿನವರಿಗೆ, ಅದು ಹೊಸದಾಗಿದ್ದಾಗ ಹೇಗೆ ಓಡುತ್ತಿತ್ತು ಎಂಬುದೇ ಮರೆತುಹೋಗಿರುತ್ತದೆ. ಮೂರನೆಯ ಅಥವಾ ನಾಲ್ಕನೆಯ ಕೈಯಿಂದ ಕೊಂಡವರಿಗಂತೂ ಅದು ತಿಳಿದಿರುವ ಸಂಭವವೇ ಇಲ್ಲ. ಮೂಲದಲ್ಲಿ ಏನಿತ್ತೆಂಬ ಅರಿವಿಲ್ಲದೆ ಅದಕ್ಕಿಂತ ಉತ್ತಮವಾದುದನ್ನು ಆರಿಸಿಕೊಳ್ಳುವುದಾದರೂ ಹೇಗೆ? ಹಳೆಯ ಕಾರುಗಳ ಸಸ್ಪೆನ್ಷನ್ ‘ಸುಧಾರಣೆ’ಯ ಹೆಸರಿನಲ್ಲಿ ನಡೆಯುವ ವ್ಯಾಪಾರದ ಬಹುಭಾಗ ನಿಂತಿರುವುದು ಈ ಮರೆವಿನ ಮೇಲೆ ಎಂದು ನನಗೆ ಅನ್ನಿಸಿದೆ.

ನಮ್ಮ ಮನೆಯಲ್ಲಿರುವುದು 2003ರ ಮಾರುತಿ ಝೆನ್. ತಂದೆ ನಿವೃತ್ತರಾದ ವರ್ಷ ಕೊಂಡದ್ದು. ಅವರು ಈಗ ಇಲ್ಲ. ಕಾರು ಮಾರುವ ಮಾತೆತ್ತಿದರೆ ತಾಯಿ ಉತ್ತರ ಕೊಡದೆ ಒಳಗೆ ಹೋಗುತ್ತಾರೆ. ಅವರಿಗೆ ಎಪ್ಪತ್ತೆಂಟು. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆ ಆದ ಮೇಲೆ ಹಿಂದಿನ ಆಸನದಲ್ಲಿ ಕುಳಿತು ವರ್ಷಕ್ಕೆ ಎರಡು ಬಾರಿ ತೀರ್ಥಹಳ್ಳಿಗೆ, ಅಂದರೆ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ, ಹೋಗಿಬರುವುದು ಅವರ ಪಾಲಿಗೆ ದೊಡ್ಡ ಪರೀಕ್ಷೆ. ಕಳೆದ ವರ್ಷ ಒಮ್ಮೆ ಶಿವಮೊಗ್ಗದಲ್ಲಿಯೇ ಇಳಿದು, ‘ಇನ್ನು ಮುಂದೆ ನಾನು ರೈಲಿಗೇ ಬರುತ್ತೇನೆ’ ಎಂದುಬಿಟ್ಟರು. ಅದೇ ಕಾರನ್ನು ಎಂಜಿನಿಯರಿಂಗ್ ಓದುತ್ತಿರುವ ಮಗ ಓಡಿಸುವುದು ಬೇರೆ ಬಗೆಯಲ್ಲಿ. ಅವನಿಗೆ ಅದು ನೆಲಕ್ಕೆ ಎರಡಂಗುಲ ಹತ್ತಿರವಾಗಬೇಕು, ಚಕ್ರ ಅಗಲವಾಗಬೇಕು. ನನಗೆ ಬೇಕಾಗಿದ್ದುದು ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗ ಕಾರು ನೆಟ್ಟಗೆ ನಿಲ್ಲುವುದು. ಒಂದೇ ಕಾರು, ಮೂರು ಬೇಡಿಕೆ. ಆಯ್ಕೆಯ ಮಾತು ಶುರುವಾದದ್ದು ಹೀಗೆ.

ಸಸ್ಪೆನ್ಷನ್‌ಗೆ ಕನ್ನಡದಲ್ಲಿ ನಾಲಿಗೆಗೆ ಹೊಂದುವ ಒಂದು ಪದ ಹುಟ್ಟಲಿಲ್ಲ. ಪಠ್ಯಪುಸ್ತಕಗಳ ‘ತೂಗು ವ್ಯವಸ್ಥೆ’ ಯಾವ ಗ್ಯಾರೇಜಿಗೂ ಇಳಿಯಲಿಲ್ಲ. ಆದರೆ ‘ಕಮಾನು’ ಎಂಬ ಮಾತು ಜಟಕಾ ಗಾಡಿಯ ಕಾಲದಿಂದ ನಮ್ಮಲ್ಲಿದೆ. ಎತ್ತಿನ ಗಾಡಿಯ ಅಚ್ಚಿಗೂ ಕೂರುವ ಹಲಗೆಗೂ ನಡುವೆ ಮರವಲ್ಲದೆ ಬೇರೇನೂ ಇರಲಿಲ್ಲ. ಜಟಕಾಕ್ಕೆ ಬಾಗಿದ ಉಕ್ಕಿನ ಪಟ್ಟಿಗಳು ಬಂದವು, ಸವಾರಿ ಹಗುರಾಯಿತು. ಅದೇ ಕಮಾನುಪಟ್ಟಿ ಅಂಬಾಸಿಡರ್‌ನ ಹಿಂಬದಿಯಲ್ಲೂ ಪ್ರೀಮಿಯರ್ ಪದ್ಮಿನಿಯ ಹಿಂಬದಿಯಲ್ಲೂ ಮುಂದುವರಿಯಿತು. 1983ರ ಡಿಸೆಂಬರ್‌ನಲ್ಲಿ ಬಂದ ಮೊದಲ ಮಾರುತಿ 800ಕ್ಕೂ ಹಿಂದೆ ಇದ್ದುದು ಪಟ್ಟಿಗಳೇ. ಸುರುಳಿ ಸ್ಪ್ರಿಂಗ್ ಬಂದದ್ದು ಅದರ ಮುಂದಿನ ಮಾದರಿಗೆ. ಬಾಡಿಗೆ ಅಂಬಾಸಿಡರ್‌ಗಳ ಚಾಲಕರು ಎಂಟು ಹತ್ತು ಜನರನ್ನು ತುಂಬಿಕೊಳ್ಳಲು ಹಿಂದಕ್ಕೆ ಒಂದೋ ಎರಡೋ ಪಟ್ಟಿ ಹೆಚ್ಚಿಗೆ ಹಾಕಿಸುತ್ತಿದ್ದುದು ಹಿರಿಯ ಓದುಗರಿಗೆ ನೆನಪಿರಬಹುದು. ಕಂಪನಿ ಕೊಟ್ಟದ್ದರ ಮೇಲೆ ನಮ್ಮ ಜನ ಮಾಡಿದ ಮೊದಲ ಸಸ್ಪೆನ್ಷನ್ ಸುಧಾರಣೆ ಬಹುಶಃ ಅದೇ. ಜನ ತುಂಬಿದ್ದಾಗ ಆ ಕಾರು ಸರಿಯಾಗಿಯೇ ಹೋಗುತ್ತಿತ್ತು. ಖಾಲಿಯಾಗಿ ಹಿಂದಿರುಗುವಾಗ ಮಾತ್ರ ಹಿಂಭಾಗ ಕಪ್ಪೆಯಂತೆ ಕುಪ್ಪಳಿಸುತ್ತಿತ್ತು.

ಆ ಕುಪ್ಪಳಿಕೆಯಲ್ಲೇ ಇಡೀ ಶಾಸ್ತ್ರ ಅಡಗಿದೆ. ಸ್ಪ್ರಿಂಗ್‌ನ ಕೆಲಸ ಭಾರ ಹೊರುವುದು, ರಸ್ತೆಯ ಪೆಟ್ಟನ್ನು ತನ್ನೊಳಗೆ ಶಕ್ತಿಯಾಗಿ ಕೂಡಿಡುವುದು. ಕೂಡಿಟ್ಟುಕೊಂಡದ್ದನ್ನು ಅದು ಹಿಂದಿರುಗಿಸದೆ ಬಿಡುವುದಿಲ್ಲ. ಹಿಂದಿರುಗಿಸುವಾಗ ಕಾರು ಮೇಲೆ ಕೆಳಗೆ ತೂಗಾಡುತ್ತದೆ. ಈ ತೂಗಾಟವನ್ನು ಹಿಡಿದು ನಿಲ್ಲಿಸುವುದು ಶಾಕ್ ಅಬ್ಸಾರ್ಬರ್. ಹೆಸರು ನಮ್ಮನ್ನು ದಾರಿ ತಪ್ಪಿಸುತ್ತದೆ. ಪೆಟ್ಟನ್ನು ಹೀರುವುದು ಸ್ಪ್ರಿಂಗ್. ಶಾಕ್ ಅಬ್ಸಾರ್ಬರ್ ಮಾಡುವುದು, ಒಳಗಿನ ಎಣ್ಣೆಯನ್ನು ಸಣ್ಣ ರಂಧ್ರಗಳ ಮೂಲಕ ನೂಕಿ ಆ ಶಕ್ತಿಯನ್ನು ಶಾಖವಾಗಿ ಕರಗಿಸುವುದು. ಗುಂಡಿಗಳ ರಸ್ತೆಯಲ್ಲಿ ಬಹಳ ಹೊತ್ತು ಓಡಿಸಿ ನಿಲ್ಲಿಸಿದ ಕಾರಿನ ಶಾಕ್ ಅಬ್ಸಾರ್ಬರ್ ಮುಟ್ಟಿ ನೋಡಿದರೆ ಕೈ ಸುಡುವಷ್ಟು ಬಿಸಿಯಿರುವುದು ಇದೇ ಕಾರಣಕ್ಕೆ.

ಸವಾರಿಯ ಸುಖಕ್ಕೂ ಒಂದು ಲೆಕ್ಕವಿದೆ. 1930ರ ದಶಕದಲ್ಲಿ ಮಾರಿಸ್ ಆಲಿ ಎಂಬ ಎಂಜಿನಿಯರ್ ಅಮೆರಿಕದಲ್ಲಿ ನಡೆಸಿದ ಪ್ರಯೋಗಗಳಿಂದ ಇದಕ್ಕೊಂದು ತಳಹದಿ ದೊರೆಯಿತು. ಕಾರಿನ ಮೈ ಸೆಕೆಂಡಿಗೆ ಒಂದರಿಂದ ಒಂದೂವರೆ ಬಾರಿ ತೂಗಾಡುವಂತಿದ್ದರೆ ದೇಹಕ್ಕೆ ಹಿತ. ಅದು ಹೆಚ್ಚುಕಡಿಮೆ ನಮ್ಮ ನಡಿಗೆಯ ಲಯಕ್ಕೆ ಹತ್ತಿರವಾದದ್ದು. ಎರಡನ್ನು ದಾಟಿತೆಂದರೆ ಹೊಟ್ಟೆಯೊಳಗಿನ ಅಂಗಾಂಗಗಳಿಗೂ ಬೆನ್ನಿಗೂ ಅದರ ಅರಿವಾಗತೊಡಗುತ್ತದೆ. ಹಿಂಬದಿಯ ಲಯ ಮುಂಬದಿಗಿಂತ ಕೊಂಚ ಚುರುಕಾಗಿರಬೇಕು ಎಂಬುದು ಆಲಿ ಕಂಡುಕೊಂಡ ಇನ್ನೊಂದು ಸೂಕ್ಷ್ಮ. ಉಬ್ಬಿನ ಮೇಲೆ ಮೊದಲು ಹತ್ತುವುದು ಮುಂದಿನ ಚಕ್ರ. ತಡವಾಗಿ ಹತ್ತಿದ ಹಿಂಬದಿ ಬೇಗ ಬಂದು ಮುಂಬದಿಯ ಹೆಜ್ಜೆ ಸೇರಿಕೊಂಡರೆ ಕಾರು ದೋಣಿಯಂತೆ ಹೊಯ್ದಾಡುವುದು ನಿಲ್ಲುತ್ತದೆ. ಅಂದಮೇಲೆ ಮುಂದಿನ ಎರಡಕ್ಕೆ ಮಾತ್ರ ‘ಸ್ಪೋರ್ಟ್ಸ್’ ಸ್ಪ್ರಿಂಗ್ ಹಾಕಿ ಹಿಂದಿನವನ್ನು ಹಾಗೆಯೇ ಬಿಡುವುದೆಂದರೆ ಈ ಹೊಂದಾಣಿಕೆಯನ್ನು ಕೈಯಾರೆ ಕೆಡಿಸಿದಂತೆ. ನಮ್ಮಲ್ಲಿ ಖರ್ಚು ಉಳಿಸಲು ಹೀಗೆ ಅರ್ಧ ಕೆಲಸ ಮಾಡಿಸುವವರು ಕಡಿಮೆಯೇನಿಲ್ಲ.

ಮೂಲ ಸ್ಥಿತಿ ಮರೆತುಹೋಗುತ್ತದೆ ಎಂದೆನಲ್ಲ, ಅದಕ್ಕೆ ಕಾರಣ ಶಾಕ್ ಅಬ್ಸಾರ್ಬರ್ ಸಾಯುವ ಬಗೆ. ಬಲ್ಬು ಸುಟ್ಟಂತೆ, ಬ್ಯಾಟರಿ ಕೈಕೊಟ್ಟಂತೆ ಅದು ಒಂದು ಬೆಳಿಗ್ಗೆ ಸಾಯುವುದಿಲ್ಲ. ಒಳಗಿನ ಸೀಲು ಸವೆಯುತ್ತದೆ, ಎಣ್ಣೆ ತೆಳುವಾಗುತ್ತದೆ, ಒತ್ತಡದಲ್ಲಿ ತುಂಬಿದ ಅನಿಲ ಸೋರುತ್ತದೆ, ಕವಾಟಗಳ ಅಂಚು ಮೊಂಡಾಗುತ್ತದೆ. ಇದಕ್ಕೆಲ್ಲ ವರ್ಷಗಳು ಬೇಕು. ಅಷ್ಟರಲ್ಲಿ ಓಡಿಸುವವರ ಕೈಕಾಲುಗಳೂ ಅದಕ್ಕೆ ಒಗ್ಗಿಕೊಂಡುಬಿಟ್ಟಿರುತ್ತವೆ. ತಿರುವಿಗೆ ಮುನ್ನ ತುಸು ಹೆಚ್ಚು ನಿಧಾನ, ಸ್ಟಿಯರಿಂಗ್‌ನಲ್ಲಿ ಸದಾ ಸಣ್ಣ ತಿದ್ದುಪಡಿ, ಉಬ್ಬು ಕಂಡಾಗ ಮೊದಲೇ ಬ್ರೇಕು. ಕಾರು ಕೆಟ್ಟಿದೆ ಎಂದು ನಮಗೆ ಅನ್ನಿಸುವುದೇ ಇಲ್ಲ. ಹಿಂದೆ ಕುಳಿತ ಎಪ್ಪತ್ತೆಂಟರ ಬೆನ್ನಿಗೆ ಮಾತ್ರ ಅದು ಗೊತ್ತಾಗುತ್ತದೆ.

ಇದು ಸುಖದ ಪ್ರಶ್ನೆ ಮಾತ್ರವಲ್ಲ. ಬ್ರೇಕು ಹಿಡಿಯುವುದು ಚಕ್ರವನ್ನು. ಕಾರನ್ನು ನಿಲ್ಲಿಸುವುದು ಟೈರು ರಸ್ತೆಯನ್ನು ಕಚ್ಚಿ ಹಿಡಿದ ಅಂಗೈ ಅಗಲದ ಜಾಗ. ಸತ್ತ ಶಾಕ್ ಅಬ್ಸಾರ್ಬರ್ ಇರುವ ಚಕ್ರ ಅಲೆಯಲೆಯಾದ ರಸ್ತೆಯ ಮೇಲೆ ಸೆಕೆಂಡಿಗೆ ಹತ್ತಾರು ಬಾರಿ ಕುಣಿಯುತ್ತದೆ. ಕುಣಿದು ನೆಲ ಬಿಟ್ಟಷ್ಟು ಹೊತ್ತು ಬ್ರೇಕಿಗೂ ಸ್ಟಿಯರಿಂಗ್‌ಗೂ ಆ ಚಕ್ರದಿಂದ ಯಾವ ಸಹಾಯವೂ ಇಲ್ಲ. ನಮ್ಮ ಝೆನ್‌ನಂಥ ಕಾರಿಗೆ ಎಬಿಎಸ್ ಕೂಡ ಇಲ್ಲ. ಮಳೆಯಲ್ಲಿ, ಇಳಿಜಾರಿನಲ್ಲಿ, ಮುಂದೆ ಬಸ್ಸೊಂದು ತಟ್ಟನೆ ನಿಂತಾಗ ಈ ಕ್ಷಣಗಳ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಅಂಗಡಿಗೆ ಹೋಗುವ ಮೊದಲು ನಾನು ಹೋದದ್ದು ಕಲಾಸಿಪಾಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ. ಮೂಲೆಯನ್ನು ಒತ್ತಿ ಬಿಟ್ಟು, ಕಾರು ಎಷ್ಟು ಸಲ ತೂಗುತ್ತದೆ ಎಂದು ಎಣಿಸುವ ಪರೀಕ್ಷೆ ಎಲ್ಲರಿಗೂ ಗೊತ್ತು. ಅವರು ಅದನ್ನು ಮಾಡಲೇ ಇಲ್ಲ. ಪೂರ್ತಿ ಸತ್ತದ್ದನ್ನು ಮಾತ್ರ ಅದು ತೋರಿಸುತ್ತದೆ, ಅರ್ಧ ಸತ್ತದ್ದನ್ನು ತೋರಿಸುವುದಿಲ್ಲ ಎಂಬುದು ಅವರ ಅಭಿಪ್ರಾಯ. ನನಗೂ ಅದು ಸರಿ ಎನ್ನಿಸಿತು, ಏಕೆಂದರೆ ಕೈಯಿಂದ ಒತ್ತಿದ ನಿಧಾನ ಚಲನೆಗೂ ಗುಂಡಿಗೆ ಚಕ್ರ ಬಿದ್ದಾಗಿನ ವೇಗದ ಚಲನೆಗೂ ಕವಾಟ ಕೊಡುವ ಉತ್ತರ ಬೇರೆಬೇರೆ. ಅವರು ಕಾರನ್ನು ಎತ್ತಿ ನಿಲ್ಲಿಸಿ, ಉದ್ದನೆಯ ಸರಳೊಂದನ್ನು ಸಂದುಗಳಿಗೆ ತೂರಿಸಿ, ಮೀಟಿ ಮೀಟಿ ನೋಡಿದರು. ಮುಂದಿನ ಎಡ ಸ್ಟ್ರಟ್‌ನ ಮೇಲೆ ಎಣ್ಣೆಯಲ್ಲಿ ನೆನೆದ ಧೂಳು. ಸ್ಟ್ರಟ್‌ನ ತಲೆಯಲ್ಲಿರುವ ರಬ್ಬರ್ ಮೌಂಟ್ ಚಪ್ಪಟೆಯಾಗಿತ್ತು. ಹಿಂದಿನ ಅಚ್ಚನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಅಡ್ಡಸರಳಿನ ಬುಷ್ ಹರಿದಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಮುಂದಿನ ಸ್ಟೆಬಿಲೈಸರ್ ಬಾರ್‌ನ ತುದಿಯ ಬುಷ್‌ಗಳು.

ಈ ಕೊನೆಯದರ ಬಗ್ಗೆ ಎರಡು ಮಾತು ಹೆಚ್ಚಿಗೆ ಹೇಳಬೇಕು. ಮಾರುತಿ 800, ಝೆನ್‌ನಂಥ ಕಾರುಗಳಲ್ಲಿ ಮುಂದಿನ ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು ಒಂದೇ ಒಂದು ಅಡ್ಡ ತುಂಡು. ಅದು ಚಕ್ರವನ್ನು ಎಡಬಲಕ್ಕೆ ಸರಿಯದಂತೆ ತಡೆಯುತ್ತದೆ, ಹಿಂದುಮುಂದಕ್ಕೆ ತಡೆಯಲಾರದು. ಆ ಕೆಲಸವನ್ನು ತಿರುವಿನಲ್ಲಿ ಕಾರು ವಾಲದಂತೆ ನೋಡಿಕೊಳ್ಳುವ ಸ್ಟೆಬಿಲೈಸರ್ ಬಾರೇ ಮಾಡುತ್ತದೆ. ಒಂದೇ ಸರಳಿಗೆ ಎರಡು ಉದ್ಯೋಗ. ಕಡಿಮೆ ಬೆಲೆಯ ಕಾರಿನ ವಿನ್ಯಾಸದಲ್ಲಿ ಇಂಥ ಜಾಣ್ಮೆ ಇದ್ದೇ ಇರುತ್ತದೆ. ಆದರೆ ಅದರ ತುದಿಯ ರಬ್ಬರ್ ಸವೆದರೆ ಬ್ರೇಕ್ ಒತ್ತಿದಾಗಲೆಲ್ಲ ಚಕ್ರ ಹಿಂದಕ್ಕೆ ಜಗ್ಗುತ್ತದೆ, ಬಿಟ್ಟಾಗ ಮುಂದಕ್ಕೆ ಬರುತ್ತದೆ, ಸ್ಟಿಯರಿಂಗ್ ತನ್ನಷ್ಟಕ್ಕೆ ಒಂದು ಕಡೆ ಎಳೆಯುತ್ತದೆ. ಇದರ ಮೇಲೆ ಎಷ್ಟು ದುಬಾರಿ ಶಾಕ್ ಅಬ್ಸಾರ್ಬರ್ ಹಾಕಿದರೂ ಎಳೆತ ಹೋಗುವುದಿಲ್ಲ. ನನಗೆ ಬೇಕಿದ್ದ ‘ನೆಟ್ಟಗೆ ನಿಲ್ಲುವ’ ಗುಣ ಅಡಗಿದ್ದುದು ಮುಷ್ಟಿಯಲ್ಲಿ ಹಿಡಿಯಬಹುದಾದ ನಾಲ್ಕು ರಬ್ಬರ್ ತುಂಡುಗಳಲ್ಲಿ. ‘ಸಾರ್, ಇರೋದನ್ನ ಮೊದಲು ಸರಿಯಾಗಿ ನಿಲ್ಲಿಸೋಣ. ಆಮೇಲೂ ಸಾಲದು ಅನ್ನಿಸಿದ್ರೆ ಬೇರೆ ಹಾಕೋಣ’ ಎಂದರು ಆ ಹಿರಿಯರು.

ಮಗನಿಗೆ ಈ ಮಾತು ರುಚಿಸಲಿಲ್ಲ. ಅವನ ಪಕ್ಷವನ್ನೂ ನ್ಯಾಯವಾಗಿ ಪರಿಶೀಲಿಸಬೇಕಲ್ಲ? ಪೇಟೆಯಲ್ಲಿ ದೊರೆಯುವ ಆಯ್ಕೆಗಳನ್ನು ಒಂದೊಂದಾಗಿ ನೋಡುತ್ತ ಹೋದೆವು.

ಕಾರನ್ನು ತಗ್ಗಿಸಲು ಅತ್ಯಂತ ಅಗ್ಗದ ದಾರಿ ಸ್ಪ್ರಿಂಗ್ ಕತ್ತರಿಸುವುದು. ಬೆಂಗಳೂರಿನ ಅನೇಕ ಗ್ಯಾರೇಜುಗಳಲ್ಲಿ ಇಂದಿಗೂ ಇದು ಅರ್ಧ ದಿನದ ಕೆಲಸ. ಸುರುಳಿ ಸ್ಪ್ರಿಂಗ್‌ನ ಬಿಗುವು ಅದರ ಸುತ್ತುಗಳ ಸಂಖ್ಯೆಗೆ ವಿಲೋಮ ಅನುಪಾತದಲ್ಲಿರುತ್ತದೆ. ಕೆಲಸ ಮಾಡುವ ಆರು ಸುತ್ತುಗಳಲ್ಲಿ ಒಂದೂವರೆಯನ್ನು ತೆಗೆದರೆ ಅದು ಮೂರನೆಯ ಒಂದು ಭಾಗದಷ್ಟು ಹೆಚ್ಚು ಬಿಗಿಯಾಗುತ್ತದೆ. ಚಕ್ರಕ್ಕೆ ಮೇಲೇರಲು ಇದ್ದ ಜಾಗವೂ ಕಡಿಮೆಯಾಗುತ್ತದೆ. ಒಂದಿಷ್ಟು ದೊಡ್ಡ ಗುಂಡಿ ಬಂದರೆ ಸ್ಟ್ರಟ್ ತನ್ನ ಕೊನೆಯ ರಬ್ಬರ್ ತಡೆಗೆ ಹೋಗಿ ಬಡಿಯುತ್ತದೆ. ಕತ್ತರಿಸಿದ ತುದಿ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದೂ ಇಲ್ಲ. ಬಿಗಿಯಾದ ಸ್ಪ್ರಿಂಗ್‌ನ ತೂಗಾಟವನ್ನು ತಡೆಯಲು ಬಿಗಿಯಾದ ಶಾಕ್ ಅಬ್ಸಾರ್ಬರ್ ಬೇಕು. ಸ್ಪ್ರಿಂಗ್ ಕತ್ತರಿಸುವವರು ಸಾಮಾನ್ಯವಾಗಿ ಅದನ್ನು ಬದಲಿಸುವುದಿಲ್ಲ. ಇದು ಸುಧಾರಣೆಯಲ್ಲ, ಅಂಗಚ್ಛೇದನ.

ಕತ್ತರಿಸದೆ, ತಗ್ಗಿಸಲೆಂದೇ ತಯಾರಾದ ಸ್ಪ್ರಿಂಗ್‌ಗಳಾದರೆ? ಅವು ಖಂಡಿತ ಉತ್ತಮ. ಆದರೂ ಒಂದು ಮಾತಿದೆ, ಇದನ್ನು ಕೇಳಿ ಮಗ ನಂಬಲಿಲ್ಲ. ಝೆನ್‌ನ ಮುಂಭಾಗದಲ್ಲಿರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ರೂಪಿಸಿದ ಈ ಜೋಡಣೆ 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಫೋರ್ಡ್ ಕಾರುಗಳ ಮೂಲಕ ಜನಪ್ರಿಯವಾಯಿತು. ಇಂದು ಲೋಕದ ಬಹುತೇಕ ಸಣ್ಣ ಕಾರುಗಳಿಗೆ ಅದೇ ಆಧಾರ. ಇದರಲ್ಲಿ ಕೆಳಗಿನ ತೋಳು ಹೆಚ್ಚುಕಡಿಮೆ ಸಮತಲದಲ್ಲಿರುವಂತೆ, ಚಕ್ರದ ಕಡೆಯ ತುದಿ ತುಸು ತಗ್ಗಿರುವಂತೆ ಇಟ್ಟಿರುತ್ತಾರೆ. ತಿರುವಿನಲ್ಲಿ ಕಾರು ವಾಲುವುದು ಒಂದು ಕಾಲ್ಪನಿಕ ಬಿಂದುವಿನ ಸುತ್ತ. ಆ ಬಿಂದುವಿನ ಎತ್ತರವನ್ನು ನಿರ್ಧರಿಸುವುದು ಈ ತೋಳಿನ ಕೋನ. ಕಾರನ್ನು ಬಹಳ ತಗ್ಗಿಸಿದಾಗ ತೋಳಿನ ಹೊರತುದಿ ಮೇಲಕ್ಕೆ ತಿರುಗುತ್ತದೆ, ಆ ಬಿಂದು ಕಾರಿನ ಗುರುತ್ವಕೇಂದ್ರಕ್ಕಿಂತ ಹೆಚ್ಚು ದೂರ ಕೆಳಗಿಳಿದುಬಿಡುತ್ತದೆ. ಎರಡರ ನಡುವಿನ ಅಂತರವೇ ಕಾರನ್ನು ವಾಲಿಸುವ ಸನ್ನೆಕೋಲು. ಹಾಗಾಗಿ ನೆಲಕ್ಕೆ ಹತ್ತಿರವಾದ ಕಾರು ಕಡಿಮೆ ವಾಲುತ್ತದೆ ಎಂಬ ನಂಬಿಕೆ ಒಂದು ಮಿತಿಯವರೆಗೆ ಮಾತ್ರ ನಿಜ. ಅದನ್ನು ದಾಟಿದರೆ ಸನ್ನೆಕೋಲೇ ಉದ್ದವಾಗುತ್ತದೆ. ಕಾಗದದ ಮೇಲೆ ಗೆರೆ ಎಳೆದು ತೋರಿಸಿದ ಮೇಲೆ ಅವನು ಒಂದು ದಿನ ಸುಮ್ಮನಿದ್ದ.

ತಗ್ಗಿಸುವವರಿಗಿಂತ ಎತ್ತರಿಸುವವರೇ ನಮ್ಮಲ್ಲಿ ಹೆಚ್ಚು. ಇದಕ್ಕೆ ರಸ್ತೆ ಉಬ್ಬುಗಳು ಕಾರಣ. ಸ್ಪ್ರಿಂಗ್‌ನ ಸುತ್ತುಗಳ ನಡುವೆ ತೂರಿಸುವ ರಬ್ಬರ್ ಬಫರ್‌ಗಳು ಇದಕ್ಕಾಗಿಯೇ ಧಾರಾಳವಾಗಿ ಮಾರಾಟವಾಗುತ್ತವೆ. ಇವನ್ನು ಹಾಕಿದ ದಿನ ಕಾರು ಎದ್ದು ನಿಂತಂತೆ ಕಾಣುತ್ತದೆ. ಆದರೆ ಬಫರ್ ಕುಳಿತ ಸುತ್ತು ಕೆಲಸ ಬಿಟ್ಟಿತೆಂದೇ ಅರ್ಥ. ಅದರ ಪಾಲಿನ ದುಡಿಮೆ ಉಳಿದ ಸುತ್ತುಗಳ ಮೇಲೆ ಬೀಳುತ್ತದೆ, ಅಂದರೆ ಸ್ಪ್ರಿಂಗ್ ಕತ್ತರಿಸದೆಯೇ ಕತ್ತರಿಸಿದ ಬಿಗುವು. ಸಂದಿನಲ್ಲಿ ನಿಂತ ಕೆಸರುನೀರು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ಎತ್ತರಿಸಿದ ಕಾರಿನ ಗುರುತ್ವಕೇಂದ್ರ ಮೇಲೇರುತ್ತದೆ. ಎಂಜಿನ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್‌ನ ಕೀಲುಗಳು ಹೆಚ್ಚು ಬಾಗಿ ನಿಂತು, ಅವುಗಳ ರಬ್ಬರ್ ಬೂಟು ಬೇಗ ಹರಿಯುತ್ತದೆ. ಸದಾ ಪೂರ್ತಿ ಭಾರ ಹೊರುವ ಕಾರಿಗೆ ಇದೊಂದು ತಾತ್ಕಾಲಿಕ ಉಪಾಯವಾದೀತು. ಒಬ್ಬಿಬ್ಬರು ಕೂರುವ ಕಾರಿಗೆ, ಅದರಲ್ಲೂ ಹಿಂದೆ ವಯಸ್ಸಾದವರು ಕೂರುವ ಕಾರಿಗೆ, ಇದು ಸಲ್ಲದು.

ಉಬ್ಬಿನ ಮಾತು ಬಂತಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ 1988ರಲ್ಲೇ ಇದಕ್ಕೊಂದು ಅಳತೆ ಹೇಳಿದೆ. ದುಂಡಗಿನ ಉಬ್ಬು 3.7 ಮೀಟರ್ ಅಗಲ, ನಡುವೆ 10 ಸೆಂಟಿಮೀಟರ್ ಎತ್ತರ ಇರಬೇಕು. ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ದಾಟಲು ಬರುವಂತಿರಬೇಕು. ನಮ್ಮ ಬಡಾವಣೆಗಳಲ್ಲಿ ರಾತ್ರೋರಾತ್ರಿ ಹುಟ್ಟುವ ಉಬ್ಬುಗಳಿಗೆ ಈ ಅಳತೆಯ ಪರಿಚಯವೇ ಇಲ್ಲ. ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೋಗುವ ಚಕ್ರ ನಿಯಮಬದ್ಧ ಉಬ್ಬನ್ನು ದಾಟಲು ಸೆಕೆಂಡಿನ ಮೂರನೆಯ ಎರಡು ಭಾಗ ಬೇಕು. ಅದು ಕಾರಿನ ಮೈಯ ಸಹಜ ಲಯಕ್ಕೆ ಹತ್ತಿರ. ಅಲ್ಲಿ ಕೆಲಸ ಸ್ಪ್ರಿಂಗ್‌ನದು. ನಲವತ್ತು ಸೆಂಟಿಮೀಟರ್ ಅಗಲದ ಕಾಂಕ್ರೀಟ್ ದಿಂಡನ್ನು ಅದೇ ಚಕ್ರ ದಾಟುವುದು ಸೆಕೆಂಡಿನ ನೂರರಲ್ಲಿ ಏಳು ಭಾಗದಷ್ಟು ಹೊತ್ತಿನಲ್ಲಿ. ಅಷ್ಟರಲ್ಲಿ ಸ್ಪ್ರಿಂಗ್ ಮೆದುವೋ ಬಿಗಿಯೋ ಎಂಬುದು ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಏಟು ತಿನ್ನುವುದು ಟೈರಿನ ಮೈ, ಬುಷ್‌ನ ರಬ್ಬರ್ ಮತ್ತು ಶಾಕ್ ಅಬ್ಸಾರ್ಬರ್‌ನ ಕವಾಟ. ಕವಾಟ ತೀರಾ ಬಿಗಿಯಾಗಿದ್ದರೆ ಚಕ್ರ ಮೇಲೇರಲು ಬಿಡುವುದಿಲ್ಲ, ಏಟು ನೇರವಾಗಿ ಆಸನಕ್ಕೆ ಬರುತ್ತದೆ. ಬೆಂಗಳೂರಿನಂಥ ಊರಿಗೆ ಬೇಕಾದದ್ದು ಒತ್ತುವಾಗ ಮೆದುವಾಗಿ, ಹಿಗ್ಗುವಾಗ ಬಿಗಿಯಾಗಿ ಇರುವ ಶಾಕ್ ಅಬ್ಸಾರ್ಬರ್. ಕಾರು ತಯಾರಕರು ಕೊಟ್ಟದ್ದು ಬಹುಮಟ್ಟಿಗೆ ಅಂಥದನ್ನೇ.

ಹೆಸರಾಂತ ವಿದೇಶಿ ತಯಾರಿಕೆಗಳನ್ನು ನಾನು ಹೀಗಳೆಯುತ್ತಿಲ್ಲ. ಜರ್ಮನಿಯ ಬಿಲ್‌ಸ್ಟೈನ್, ಹಾಲೆಂಡಿನ ಕೋನಿ ದಶಕಗಳಿಂದ ಗಳಿಸಿದ ಹೆಸರು ಸುಳ್ಳಲ್ಲ. ಅಂದಹಾಗೆ ಕೋನಿಯ ಮೂಲ ಕಸುಬು ಕುದುರೆಗಾಡಿಗಳಿಗೆ ಸಾಮಾನು ಒದಗಿಸುವುದಾಗಿತ್ತು. ನಮ್ಮ ಜಟಕಾ ಕಮಾನಿನ ನೆನಪಾಗದೆ ಇರದು. ಅವರ ಕೆಲವು ಶಾಕ್ ಅಬ್ಸಾರ್ಬರ್‌ಗಳನ್ನು ಸವೆದಂತೆಲ್ಲ ತಿರುಗಿಸಿ ಬಿಗಿ ಮಾಡಿಕೊಳ್ಳಬಹುದು, ಹಳೆಯ ಕಾರಿನವರಿಗೆ ಇದು ದೊಡ್ಡ ಅನುಕೂಲ. ಆದರೆ ಇಂಥ ಕಂಪನಿಗಳು ಹೆಚ್ಚಾಗಿ ಗಮನ ಕೊಡುವುದು ಯುರೋಪು, ಜಪಾನ್, ಅಮೆರಿಕದ ರಸ್ತೆಗಳ ಮಾದರಿಗಳಿಗೆ. ಹಳೆಯ ಮರ್ಸಿಡಿಸ್, ಫೋಕ್ಸ್‌ವ್ಯಾಗನ್, ಬಿಎಂಡಬ್ಲ್ಯು ಇಟ್ಟುಕೊಂಡವರು ಅತ್ತ ನೋಡುವುದರಲ್ಲಿ ಅರ್ಥವಿದೆ. ನಮ್ಮ ಹಳೆಯ ಮಾರುತಿಗೆ ಅಳತೆ ಹೊಂದಿಸಿ ಕೂರಿಸಿದ ಬೇರೆ ಕಾರಿನ ಭಾಗದಲ್ಲಿ ಹೆಸರು ಮಾತ್ರ ಉಳಿಯುತ್ತದೆ, ಕವಾಟ ಇನ್ನಾವುದೋ ಭಾರಕ್ಕೆ ಲೆಕ್ಕ ಹಾಕಿದ್ದಾಗಿರುತ್ತದೆ.

ರಬ್ಬರ್ ಬದಲು ಪಾಲಿಯುರೆಥೇನ್ ಬುಷ್ ಹಾಕಿಸುವ ಸಲಹೆಯೂ ಬಂತು. ಅದು ಹೆಚ್ಚು ಕಾಲ ಬಾಳುತ್ತದೆ, ಸ್ಟಿಯರಿಂಗ್ ಚುರುಕಾಗುತ್ತದೆ, ನಿಜ. ಪ್ರತಿಯಾಗಿ ರಸ್ತೆಯ ಗೊರಗೊರ ಸದ್ದೂ ಕಂಪನವೂ ಒಳಗೆ ಬರುತ್ತದೆ, ಗ್ರೀಸು ಒಣಗಿದರೆ ಕೀರಲು ದನಿ. ರ‍್ಯಾಲಿ ಓಡಿಸುವವರಿಗೆ ಸರಿ. ರ‍್ಯಾಲಿ ಕಾರುಗಳ ಉದಾಹರಣೆ ಕೊಡುವ ಹುಡುಗರು, ಆ ಕಾರುಗಳ ಸಸ್ಪೆನ್ಷನ್ ಸ್ಪರ್ಧೆಯಿಂದ ಸ್ಪರ್ಧೆಗೆ ಬಿಚ್ಚಿ ಕಟ್ಟಲ್ಪಡುತ್ತದೆ ಎಂಬುದನ್ನು ಮರೆಯುತ್ತಾರೆ.

ಕಾನೂನಿನ ಕಡೆಗೂ ಒಂದು ಕಣ್ಣಿರಲಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಟ್ಟಿದೆ. ಸವೆದ ಶಾಕ್ ಅಬ್ಸಾರ್ಬರ್ ಬದಲಿಗೆ ಅದೇ ಬಗೆಯದನ್ನು ಹಾಕುವುದು ದುರಸ್ತಿ. ಕಾರಿನ ಎತ್ತರವನ್ನೇ ಬದಲಿಸುವುದು ದುರಸ್ತಿಯೋ ಮಾರ್ಪಾಡೋ ಎಂಬ ವಾದಕ್ಕೆ ಆಸ್ಪದವಿದೆ. ಆ ವಾದವನ್ನು ರಸ್ತೆಬದಿಯಲ್ಲೋ, ಅಪಘಾತವಾದ ಮೇಲೆ ವಿಮಾ ಕಂಪನಿಯ ಎದುರಿನಲ್ಲೋ ಮಾಡುವ ಉತ್ಸಾಹ ನನಗಿಲ್ಲ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ಐದೈದು ವರ್ಷಕ್ಕೆ ನವೀಕರಣಗೊಳ್ಳಬೇಕು. ನಮ್ಮದರ ಸರದಿ ಮತ್ತೆ 2028ರಲ್ಲಿ. ಆಗ ತಪಾಸಣೆಗೆ ನಿಲ್ಲಬೇಕಾದ ಕಾರು ಇದು.

ಕೊನೆಗೆ ನಾವು ಮಾಡಿಸಿದ್ದು ಇಷ್ಟು: ನಾಲ್ಕೂ ಶಾಕ್ ಅಬ್ಸಾರ್ಬರ್‌ಗಳು, ಎಲ್ಲವೂ ಅನಿಲ ತುಂಬಿದ, ಕಾರಿನ ಮೂಲ ಅಳತೆಯ ದೇಶೀ ತಯಾರಿಕೆ. ಮುಂದಿನ ಎರಡು ಮೌಂಟ್, ಅವುಗಳ ಬೇರಿಂಗ್, ಕೆಳಗಿನ ತೋಳಿನ ಮತ್ತು ಸ್ಟೆಬಿಲೈಸರ್‌ನ ಎಲ್ಲ ಬುಷ್‌ಗಳು, ಹಿಂದಿನ ಅಡ್ಡಸರಳಿನ ಬುಷ್. ಮೊದಲು ಒಂದು ಅಂಗಡಿಯಲ್ಲಿ ಕೊಟ್ಟ ಬುಷ್‌ಗಳ ಪೊಟ್ಟಣದ ಮೇಲಿನ ಮುದ್ರಣ ಮಸುಕಾಗಿತ್ತು, ರಬ್ಬರ್ ಉಗುರಿನಿಂದ ಗೀರಿದರೆ ಪುಡಿಯಾಗುತ್ತಿತ್ತು. ಬಿಲ್ ಕೇಳಿದಾಗ ಬೆಲೆ ಬದಲಾಯಿತು. ಬೇರೆ ಕಡೆ ಬಿಲ್ ಸಹಿತ ಕೊಂಡೆವು. ಟೈರುಗಳ ಹೂವು ಚೆನ್ನಾಗಿಯೇ ಇತ್ತು, ಆದರೆ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯ ಸಂಖ್ಯೆ, ಮೊದಲೆರಡು ವಾರ, ನಂತರದೆರಡು ವರ್ಷ, ಅವಕ್ಕೆ ಎಂಟು ವರ್ಷ ತುಂಬಿದ್ದನ್ನು ಹೇಳಿತು. ಮೂಲ ಅಳತೆಯಾದ 145 ಮಿಲಿಮೀಟರ್ ಅಗಲದವನ್ನೇ ಹೊಸದಾಗಿ ಹಾಕಿಸಿದೆವು. ಮಗನ ಅಗಲ ಚಕ್ರದ ಬೇಡಿಕೆ ಅಲ್ಲಿಗೆ ಬಿತ್ತು. ಟೈರಿನ ಎತ್ತರದ ಮೈ ಕೂಡ ಒಂದು ಸ್ಪ್ರಿಂಗೇ ಎಂಬ ನನ್ನ ವಾದಕ್ಕಿಂತ, ಅವನ ಗೆಳೆಯನ ಕಾರಿನ ಹೊಸ ಅಲಾಯ್ ಚಕ್ರ ಒಂದೇ ಗುಂಡಿಗೆ ಸೊಟ್ಟಗಾದದ್ದು ಹೆಚ್ಚು ಪರಿಣಾಮ ಬೀರಿತೆಂದು ಕಾಣುತ್ತದೆ. ಎಲ್ಲ ಸೇರಿ ತಗುಲಿದ್ದು ಮಧ್ಯಮ ದರ್ಜೆಯ ಮೊಬೈಲ್ ಫೋನಿನಷ್ಟು ಹಣ.

ಜೋಡಿಸುವಾಗ ಆ ಹಿರಿಯರು ಮಾಡಿದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಬುಷ್‌ಗಳ ಬೋಲ್ಟುಗಳನ್ನು ಕಾರು ಜಾಕಿನ ಮೇಲಿದ್ದಾಗ ಅವರು ಪೂರ್ತಿ ಬಿಗಿಯಲಿಲ್ಲ. ಸಡಿಲವಾಗಿ ಕೂರಿಸಿ, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಹಿಂದೆ ಮುಂದೆ ಎರಡು ಸಲ ಉರುಳಿಸಿದ ನಂತರ ಕೆಳಗೆ ತೂರಿ ಬಿಗಿದರು. ಚಕ್ರ ನೇತಾಡುತ್ತಿರುವಾಗ ಬಿಗಿದರೆ ರಬ್ಬರ್ ಆ ಭಂಗಿಯಲ್ಲೇ ಹಿಡಿದುಕೊಳ್ಳುತ್ತದೆ. ಕಾರು ನೆಲಕ್ಕಿಳಿದಾಗ ಅದು ಸದಾ ತಿರುಚಿದ ಸ್ಥಿತಿಯಲ್ಲಿದ್ದು ಬೇಗ ಹರಿಯುತ್ತದೆ. ಹೊಸ ಬುಷ್ ವರ್ಷದೊಳಗೆ ಹೋಯಿತೆಂದು ಬಿಡಿಭಾಗವನ್ನು ಬಯ್ಯುವ ಎಷ್ಟೋ ಪ್ರಕರಣಗಳ ಹಿಂದೆ ಇರುವುದು ಈ ಅವಸರ. ಯಾವ ಶಾಕ್ ಅಬ್ಸಾರ್ಬರ್ ಎಂದು ವಾರಗಟ್ಟಲೆ ಚರ್ಚಿಸುವ ನಾವು, ಅದನ್ನು ಬಿಗಿಯುವ ಕೈ ಯಾರದೆಂದು ಅಷ್ಟೇ ಎಚ್ಚರದಿಂದ ವಿಚಾರಿಸುವುದಿಲ್ಲ.

ಮುನ್ನೂರು ಕಿಲೋಮೀಟರ್ ಓಡಿಸಿ, ರಬ್ಬರ್‌ಗಳು ಕುಳಿತ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿದೆವು. ನಂತರ ತಾಯಿಯೊಂದಿಗೆ ತೀರ್ಥಹಳ್ಳಿ. ದಾರಿಯಲ್ಲಿ ಎರಡು ಕಡೆ ನಿಲ್ಲಿಸಿದರೂ ಅವರು ಇಳಿಯಲಿಲ್ಲ. ಒಮ್ಮೆ ನಿದ್ದೆ ಮಾಡಿದ್ದರು. ಊರು ತಲುಪಿದ ಮೇಲೆ ಹೇಗಿತ್ತೆಂದು ಕೇಳಿದೆ. ‘ಸೀಟು ಬದಲಾಯಿಸಿದ್ದೀಯಾ?’ ಎಂದರು.

ಹಿಂದಿನ ಸ್ಪ್ರಿಂಗ್‌ಗಳ ಲೆಕ್ಕ ಮಾತ್ರ ಬಾಕಿ ಇದೆ. ಚಕ್ರದ ನಡುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ಟೇಪು ಹಿಡಿದು ಅಳೆದಾಗ ಎಡಬದಿ ಬಲಕ್ಕಿಂತ 11 ಮಿಲಿಮೀಟರ್ ತಗ್ಗಿತ್ತು. ಇಪ್ಪತ್ತು ವರ್ಷ ಅಮ್ಮ ಎಡಗಡೆಯೇ ಕುಳಿತದ್ದರಿಂದ ಎಂದು ಮಗ ನಗುತ್ತಾನೆ, ಅವರ ತೂಕ ಐವತ್ತು ಕಿಲೋ ಕೂಡ ಇಲ್ಲ. ಒಂದನ್ನೇ ಬದಲಿಸಿದರೆ ಕಾರು ಇನ್ನೊಂದು ಕಡೆಗೆ ವಾಲುತ್ತದೆ, ಆದ್ದರಿಂದ ಜೋಡಿಯಾಗಿಯೇ ಬೇಕು. ಮೂಲ ಬಿಗುವಿನ ಜೋಡಿಗೆ ಹೇಳಿಟ್ಟಿದ್ದೇನೆ. ಅದು ಬರುವವರೆಗೆ ಟೇಪು ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇದೆ. ತಿಂಗಳಿಗೊಮ್ಮೆ ಅಳೆದು ಸರ್ವಿಸ್ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಡುವ ಕೆಲಸವನ್ನು ಮಗನೇ ವಹಿಸಿಕೊಂಡಿದ್ದಾನೆ.